ಗುಂಡನಿಗೆ ಎಷ್ಟು ಕಾವು?

ಹೋದ ಡಿಸೆಂಬರಿನ ಒಂದು ಬೆಳಿಗ್ಗೆ ನಮ್ಮ ಮನೆಯವರು ಮಂಡಿ ಉಜ್ಜಿಕೊಳ್ಳುತ್ತಾ, ನಿನ್ನ ಸೊಂಟನೋವಿನ ಬಿಸಿಪಟ್ಟಿ ಎಲ್ಲಿ ಎಂದು ಕೇಳಿದರು. ಹಾವಿನ ಕೆಳಗಿದೆ ಎಂದೆ. ಅವರು ಅಂಗಳಕ್ಕೆ ಹೋಗಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಯಾವ ಪ್ರಶ್ನೆಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದು ಅವರಿಗೆ ಚೆನ್ನಾಗಿ ತಿಳಿದಿದೆ.

ಹಾವು ಎಂದೊಡನೆ ನೀವು ಕಾಲು ಮೇಲೆತ್ತಿಕೊಳ್ಳಬೇಕಾಗಿಲ್ಲ. ಇದು ನಮ್ಮ ಗುಂಡ್ಲುಪೇಟೆಯ ಹೊಲಗಳಲ್ಲಿ ಹರಿದಾಡುವ ಹಾವಲ್ಲ. ನಮ್ಮ ಕಡೆಯ ಹಾವನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಅದೂ ಅರಣ್ಯ ಇಲಾಖೆಯ ಜೀಪುಗಳು ದಿನವೂ ಟೀಗೆ ನಿಲ್ಲುವ ಊರಿನಲ್ಲಿ ಅಂಥ ಸಾಹಸ ಮಾಡುವಷ್ಟು ದಡ್ಡಿ ನಾನಲ್ಲ. ಇದು ಆಫ್ರಿಕ ಮೂಲದ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವು. ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಗುಂಡ ಎಂಬ ಹೆಸರು. ಇಲಾಖೆಯಲ್ಲಿ ನೋಂದಾಯಿಸಿದ ಕಾಗದಪತ್ರವೂ ಇದೆ. ನನ್ನ ಮದುವೆ ಇವತ್ತಿಗೂ ನೋಂದಣಿಯಾಗಿಲ್ಲ, ಗುಂಡ ಮಾತ್ರ ಕಾನೂನುಬದ್ಧ.

ಅವನು ನಮ್ಮ ಮನೆಗೆ ಬಂದದ್ದು ಮಗಳು ಚೈತ್ರಳಿಂದ. ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿರುವವಳು ಅವಳು. ಗುಂಡನನ್ನು ಸಾಕಿದ್ದ ಅವಳ ಗೆಳತಿಯ ಹೊಸ ಮನೆಯ ಮಾಲೀಕರು ಹಾವಿಗೆ ಒಪ್ಪಲಿಲ್ಲ, ಹಾಸ್ಟೆಲಿನವರೂ ಒಪ್ಪಲಿಲ್ಲ. ಕೊನೆಗೆ ಒಪ್ಪಿಗೆಯನ್ನೇ ಕೇಳದೆ ನುಗ್ಗಬಹುದಾದ ಒಂದೇ ಮನೆಗೆ, ಅಂದರೆ ನಮ್ಮ ಮನೆಗೆ, ನವೆಂಬರಿನ ಒಂದು ಭಾನುವಾರ ಗುಂಡ ಗಾಜಿನ ಪೆಟ್ಟಿಗೆಯ ಸಮೇತ ಬಂದಿಳಿದ. ನಮ್ಮದು ಲಿಂಗಪೂಜೆಯಾಗದೆ ನೀರು ಮುಟ್ಟದ ಮನೆ, ಈರುಳ್ಳಿ ಬಿಟ್ಟರೆ ಬೇರೆ ಯಾವ ಪಾಪವೂ ಅಡುಗೆಮನೆಗೆ ಬಂದದ್ದಿಲ್ಲ. ನಮ್ಮ ಜೊತೆಗೇ ಇರುವ ನನ್ನ ಅವ್ವ ಏನು ರಂಪ ಮಾಡುತ್ತಾಳೋ ಎಂದು ನಾನು ಕಾದಿದ್ದೆ. ಎಪ್ಪತ್ತೆಂಟು ವರ್ಷದ ಅವ್ವ ಕೋಲೂರಿಕೊಂಡು ಬಂದು ಗಾಜಿನೊಳಗೆ ಬಗ್ಗಿ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಇದು ಏನ್ ತಿಂದದು?"

ಇಲಿ ಎಂದಳು ಚೈತ್ರ. ಅವ್ವ ತೀರ್ಪು ಕೊಟ್ಟಳು.

"ಉಳಕ್ಕೆ ಸೊಪ್ಪು, ಇದ್ಕೆ ಇಲಿ. ಅದ್ರದ್ದು ಅದ್ಕೆ. ನನ್ ಒಲೆ ತಾವ ಮಾತ್ರ ತರ್‌ಬ್ಯಾಡ ಕಣಮ್ಮಿ."

ಹಾಗಾಗಿ ಕೆಟ್ಟು ಮೂಲೆ ಸೇರಿದ್ದ ಹಳೆಯ ಫ್ರಿಜ್ಜು ರಿಪೇರಿಯಾಗಿ ಹಿತ್ತಲ ಕೋಣೆಗೆ ಹೋಯಿತು. ಚೈತ್ರ ಮೈಸೂರಿನಿಂದ ಮಂಜುಗಟ್ಟಿಸಿದ ಇಲಿಗಳನ್ನು ಡಬ್ಬಿಯಲ್ಲಿ ತಂದು ಅದರೊಳಗಿಟ್ಟಳು. ಅವ್ವ ಉಳ ಎಂದದ್ದು ರೇಷ್ಮೆಹುಳುವನ್ನು. ಅವಳ ಲೆಕ್ಕದಲ್ಲಿ ಭೂಮಿಯ ಮೇಲಿನ ಜೀವಿಗಳೆಲ್ಲ ಎರಡೇ ಬಗೆ: ಒಂದು ರೇಷ್ಮೆಹುಳು, ಇನ್ನೊಂದು ಉಳಿದದ್ದು.

ಪೆಟ್ಟಿಗೆಯ ಜೊತೆ ಬಂದಿದ್ದ ಬಿಸಿ ಮಾಡುವ ಸಾಧನ ಕೆಟ್ಟುಹೋಗಿತ್ತು. ಹಾವಿಗೆ ಮೈಯೊಳಗೆ ಸ್ವಂತ ಒಲೆ ಇಲ್ಲ, ಹೊರಗಿನ ಕಾವಿಲ್ಲದಿದ್ದರೆ ತಿನ್ನುವುದಿಲ್ಲ, ತಿಂದರೂ ಅರಗುವುದಿಲ್ಲ ಎಂದು ಚೈತ್ರ ನನಗೆ ಪಾಠ ಮಾಡಿದಳು. ಪೆಟ್ಟಿಗೆಯ ಒಂದು ಕಡೆ ಮೂವತ್ತೆರಡು ಡಿಗ್ರಿ ಇರಬೇಕು, ಇನ್ನೊಂದು ಕಡೆ ತಂಪಾಗಿರಬೇಕು ಎಂದಳು. ಅರ್ಧ ಮೈಗೆ ಜ್ವರ, ಅರ್ಧ ಮೈಗೆ ಚಳಿ, ಇದೆಂಥ ಆರೈಕೆ ಎಂದು ನಾನು ನಕ್ಕೆ. ಚಾಮರಾಜನಗರದ ಶಾಲೆಯಲ್ಲಿ ಇಪ್ಪತ್ನಾಲ್ಕು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವವಳು ನಾನು. ಶಾಖ ಎಂಬ ಪಾಠವನ್ನು ಪುಸ್ತಕ ತೆರೆಯದೆ ಒಪ್ಪಿಸಬಲ್ಲೆ. ಒಂದು ಹಾವನ್ನು ಬೆಚ್ಚಗಿಡುವುದು ಯಾವ ದೊಡ್ಡ ವಿಷಯ, ನೀನು ಹೋಗು ಎಂದು ಮಗಳನ್ನು ಬಸ್ಸು ಹತ್ತಿಸಿದೆ.

ಮೊದಲು ಹುಡುಕಿದ್ದು ಅರವತ್ತು ವ್ಯಾಟಿನ ಹಳೆಯ ಬಲ್ಬು. ಚಾಮರಾಜನಗರದ ಬಸ್‌ಸ್ಟ್ಯಾಂಡಿನ ಬಳಿಯ ಎಲೆಕ್ಟ್ರಿಕಲ್ ಅಂಗಡಿಯವನು ನಾನು ಸೇರು ಪಾವು ಕೇಳಿದೆನೇನೋ ಎಂಬಂತೆ ನೋಡಿದ. ಈಗೆಲ್ಲ ಎಲ್‌ಇಡಿ, ಅದರಲ್ಲಿ ಬೆಳಕು ಮಾತ್ರ, ಬಿಸಿ ಇಲ್ಲವಂತೆ. ಬಿಸಿಯೇ ಬೇಕಿತ್ತು ಎಂದಾಗ, ಕೋಳಿಮರಿಗಾ ಮೇಡಂ ಎಂದು ಕೇಳಿದ. ಮರಿಗೇ ಎಂದೆ. ಸುಳ್ಳೇನೂ ಹೇಳಲಿಲ್ಲವಲ್ಲ. ಭೀಮನಬೀಡಿನಲ್ಲಿ ಕೋಳಿ ಸಾಕುವವರೊಬ್ಬರ ಹತ್ತಿರ ಸಿಗಬಹುದು ಎಂದ. ಅಲ್ಲಿಗೂ ಹೋಗಿ ಎರಡು ಬಲ್ಬು ತಂದೆ. ಹಗಲಿರುಳೂ ಬೆಳಕು ಕಣ್ಣಿಗೆ ಹೊಡೆದು ಗುಂಡ ಅಡಗಿಕೊಳ್ಳಲೆಂದು ಪೆಟ್ಟಿಗೆಯಲ್ಲಿ ಬೋರಲು ಇಟ್ಟಿದ್ದ ಒಡೆದ ಮಡಕೆಯ ಕೆಳಗೆ ಸೇರಿದವನು ಹೊರಗೇ ಬರಲಿಲ್ಲ. ಮೂರನೆಯ ದಿನದೊಳಗೆ ಎರಡು ಬಲ್ಬೂ ಸತ್ತವು.

ಆಮೇಲೆ ಕರೆಂಟಿನಿಂದ ಬಿಸಿಯಾಗುವ ಕಲ್ಲೊಂದು ಮೊಬೈಲಿನಲ್ಲಿ ಕಂಡಿತು. ಅದರ ಮೇಲೆ ಹಾವು ಹೊಟ್ಟೆ ಸುಟ್ಟುಕೊಂಡರೂ ಅದಕ್ಕೆ ತಿಳಿಯುವುದು ತಡವಾಗಿ ಎಂದು ಚೈತ್ರ ಫೋನಿನಲ್ಲಿ ಗದರಿದಳು. ಕೋಣೆಗೆ ರೂಮ್ ಹೀಟರ್ ಇಟ್ಟೆ. ಗಾಳಿ ಒಣಗಿ ಗುಂಡ ನೀರಿನ ಬಟ್ಟಲಲ್ಲೇ ಮಲಗಿದ, ನನ್ನ ತುಟಿ ಒಡೆಯಿತು. ಆಗಲೇ ನನ್ನ ಸೊಂಟದ ಬಿಸಿಪಟ್ಟಿ ಅವನ ಪೆಟ್ಟಿಗೆಯ ಕೆಳಗೆ ಹೋದದ್ದು. ಅದು ಮನುಷ್ಯರ ಕ್ಷೇಮಕ್ಕೆಂದು ಮಾಡಿದ್ದು, ಮುಕ್ಕಾಲು ಗಂಟೆಗೆ ತಾನಾಗಿ ಆರಿಹೋಗುತ್ತದೆ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಗುಂಡಿ ಒತ್ತಿ ಒತ್ತಿ ನನ್ನ ಸೊಂಟನೋವು ಮರಳಿ ಬಂತು. ಪಟ್ಟಿ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಇಷ್ಟರಲ್ಲಿ ಐದು ವಾರವಾಗಿತ್ತು, ಗುಂಡ ಒಂದು ಇಲಿಯನ್ನೂ ಮುಟ್ಟಿರಲಿಲ್ಲ. ಚೈತ್ರ ಪ್ರತಿ ಭಾನುವಾರ ಬಂದು ತಕ್ಕಡಿಯಲ್ಲಿಟ್ಟು ತೂಗುವಳು, ಪ್ರತಿ ಭಾನುವಾರವೂ ಅವಳ ಮುಖ ಇಳಿಯುವುದು. ಒಂದು ಸಲ ತೂಗಿಯಾದ ಮೇಲೆ ಗುಂಡನ ಬೆನ್ನನ್ನು ನನಗೆ ತೋರಿಸಿದಳು. ಮೂಳೆ ಎದ್ದು ಕಾಣುತ್ತಿತ್ತು. ಮೈಸೂರಿನಲ್ಲಿ ಇಂಥ ಹಾವುಗಳನ್ನು ಸಾಕಿ ಬಲ್ಲವರೊಬ್ಬರಿದ್ದಾರಂತೆ. ಸಂಕ್ರಾಂತಿಯವರೆಗೆ ನೋಡುತ್ತೇನೆ, ತಿನ್ನದಿದ್ದರೆ ಅವರಿಗೆ ಕೊಟ್ಟುಬಿಡುತ್ತೇನೆ, ಇಲ್ಲಿದ್ದರೆ ಸಾಯುತ್ತಾನೆ ಎಂದಳು. ಆಮೇಲೆ, "ಅಮ್ಮ, ನಿನ್ನ ಕೈಲಿ ಆಗಲ್ಲ, ಬಿಡು," ಎಂದಳು.

ಅವಳು ಅದನ್ನು ಮೆತ್ತಗೇ ಹೇಳಿದಳು. ಆದರೂ ಆ ಮಾತು ನನಗೆ ನಾಟಿತು. ಯಾಕೆಂದರೆ ಒಂದು ಜೀವಕ್ಕೆ ಕಾವು ಕೊಡುವ ಕೆಲಸದಲ್ಲಿ ನಾನು ಸೋತದ್ದು ಅದು ಮೊದಲ ಸಲವಲ್ಲ.

ನಾನು ಹುಟ್ಟಿ ಬೆಳೆದದ್ದು ಹರವೆಯಲ್ಲಿ, ರೇಷ್ಮೆಹುಳು ಸಾಕುವ ಮನೆಯಲ್ಲಿ. ಮನೆಗೆ ಅಂಟಿಕೊಂಡಂತೆ ಒಂದು ಉದ್ದನೆಯ ಹುಳುಮನೆ. ಬಿದಿರಿನ ತಟ್ಟೆಗಳನ್ನು ನೆಲದಿಂದ ಸೂರಿನವರೆಗೆ ಒಂದರ ಮೇಲೊಂದು ಅಟ್ಟಣೆಗಳಲ್ಲಿ ಜೋಡಿಸಿರುತ್ತಿದ್ದರು. ಇರುವೆ ಹತ್ತದಿರಲೆಂದು ಆ ಅಟ್ಟಣೆಗಳ ಕಾಲುಗಳನ್ನು ನೀರಿನ ಬೋಗುಣಿಯಲ್ಲಿ ನಿಲ್ಲಿಸುತ್ತಿದ್ದರು. ಹುಳು ಸೊಪ್ಪು ಮೇಯುವಾಗ ಜಿಟಿಜಿಟಿ ಮಳೆಯ ಸದ್ದು. ನಾವು ಮಕ್ಕಳು ಕಾಲು ತೊಳೆಯದೆ ಒಳಗೆ ಹೋಗುವಂತಿರಲಿಲ್ಲ. ಸೋದರತ್ತೆಯ ಗಂಡ ಸೆಂಟು ಹಾಕಿಕೊಂಡು ಬಂದನೆಂದು, ಮನೆಯ ಅಳಿಯ ಎಂಬುದನ್ನೂ ನೋಡದೆ ಅವ್ವ ಅವನನ್ನು ಬಾಗಿಲಲ್ಲೇ ನಿಲ್ಲಿಸಿದ್ದಳು. ಚಳಿಗಾಲದ ಬೆಳೆಗೆ ಬಾಂಡ್ಲಿಗಳಲ್ಲಿ ಹೊಗೆಯಿಲ್ಲದ ಕೆಂಡ ತುಂಬಿ ಇಡುತ್ತಿದ್ದರು. ಎಷ್ಟು ಕೆಂಡ, ಎಲ್ಲಿ ಎಂಬುದನ್ನೆಲ್ಲ ಅವ್ವ ಮುಂಗೈಯಿಂದ ತಟ್ಟೆಗಳನ್ನು ಮುಟ್ಟಿ ಮುಟ್ಟಿ ನಿರ್ಧರಿಸುವಳು.

ಒಂದು ವರ್ಷ ಅಪ್ಪ ಎಲ್ಲಿಂದಲೋ ಮರದ ಹಲಗೆಗೆ ಕೂರಿಸಿದ, ಫ್ಯಾರನ್‌ಹೀಟ್ ಅಂಕಿಗಳ ಉಷ್ಣಮಾಪಕ ತಂದ. ನಮ್ಮ ಓಣಿಗೇ ಮೊದಲನೆಯದು. ಅದನ್ನು ಹುಳುಮನೆಯ ನಡುಗಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ. ಅವ್ವ ಅಭ್ಯಾಸದಂತೆ ತಟ್ಟೆ ಮುಟ್ಟಲು ಹೋದಾಗ ಎಲ್ಲರ ಮುಂದೆ ರೇಗಿದ: "ನಿನ್ ಕೈ ಏನ್ ಏಳದು? ಗಾಜಿನ ಕಡ್ಡಿ ಏಳ್ದಂಗೆ ಕೇಳು." ಅವ್ವ ಕೈ ಹಿಂದಕ್ಕೆಳೆದುಕೊಂಡಳು.

ಆಗ ನನಗೆ ಹತ್ತು ವರ್ಷ. ಅಪ್ಪ ಕಾಯಿಲೆ ಬಿದ್ದ ತನ್ನ ಅಣ್ಣನನ್ನು ನೋಡಿಕೊಳ್ಳಲು ತೆರಕಣಾಂಬಿಗೆ ಹೋಗಬೇಕಾಗಿ ಬಂತು. ಹೋಗುವಾಗ ಕಡ್ಡಿ ನೋಡುವ ಕೆಲಸವನ್ನು ನನಗೆ ಒಪ್ಪಿಸಿದ. ಎಂಬತ್ತಕ್ಕಿಂತ ಇಳಿದರೆ ಅವ್ವನಿಗೆ ಹೇಳು, ಕೆಂಡ ಹಾಕುತ್ತಾಳೆ ಎಂದ. ಶಾಲೆಯಲ್ಲಿ ಮೊದಲನೆಯವಳೆಂಬ ಹಮ್ಮು ನನಗೆ ಬೇರೆ. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತು ಗಂಟೆಗೊಮ್ಮೆ ಎಂಬತ್ತು, ಎಂಬತ್ತು ಎಂದು ಕೂಗಿದೆ. ನಾಲ್ಕು ದಿನ ಅದು ಎಂಬತ್ತೇ ಇತ್ತು. ಐದನೆಯ ದಿನ ಅಪ್ಪ ಬರುವ ಹೊತ್ತಿಗೆ ಕೆಳಗಿನ ಎರಡು ಸಾಲಿನ ತಟ್ಟೆಗಳಿಗೆ ಸುಣ್ಣಕಟ್ಟು ರೋಗ ಬಿದ್ದಿತ್ತು. ಥಂಡಿಗೆ ಬರುವ ರೋಗ ಅದು. ಹುಳು ಸೆಟೆದು ಬೆಳ್ಳಗೆ ಗಟ್ಟಿಯಾಗಿ ಸೀಮೆಸುಣ್ಣದ ಚೂರಿನಂತಾಗುತ್ತದೆ. ವಾರದೊಳಗೆ ಅದು ಮೇಲಿನ ಸಾಲುಗಳಿಗೂ ಹತ್ತಿತು. ಅಪ್ಪ ಇಡೀ ಬೆಳೆಯನ್ನು ಗುಂಡಿ ತೋಡಿ ಮುಚ್ಚಿದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಾನು ತಪ್ಪು ಓದಿದ್ದೆ, ನನ್ನಿಂದಲೇ ಬೆಳೆ ಹೋಯಿತು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡೆ. ಇಪ್ಪತ್ನಾಲ್ಕು ವರ್ಷದಿಂದ ದಿನಾ ಕೈಯಲ್ಲಿ ಸೀಮೆಸುಣ್ಣ ಹಿಡಿಯುತ್ತೇನೆ. ಡಿಸೆಂಬರಿನ ಬೆಳಿಗ್ಗೆ ಅದು ಬೆರಳಿಗೆ ತಣ್ಣಗೆ ತಾಗಿದಾಗ ಇವತ್ತಿಗೂ ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತೇನೆ.

ಹಾಗಾಗಿ ಗುಂಡನನ್ನು ಸಾಯಲು ಬಿಡುವುದಿಲ್ಲ ಎಂದು ಹಟ ತೊಟ್ಟೆ. ಬೆಳಕು ಕೊಡದೆ ಬರೀ ಬಿಸಿ ಕೊಡುವ ಪಿಂಗಾಣಿ ಬಲ್ಬನ್ನು ತರಿಸಿದೆ. ಉರಿಯುತ್ತಿದೆಯೋ ಇಲ್ಲವೋ ನೋಡಿದರೆ ತಿಳಿಯದ ಆ ಬಲ್ಬಿನ ಮುಂದೆ ನಮ್ಮ ಮನೆಯವರು ಬಹಳ ಹೊತ್ತು ನಿಂತಿದ್ದು, ಮೋಸ ಹೋಗಿದ್ದೀಯ ಎಂದು ಹೇಳಿ ಹೋದರು. ಗುಂಡನ ಮೈಗೆ ತಾಗದಿರಲೆಂದು ಬಲ್ಬಿಗೆ ಹಿಟ್ಟಿನ ಜರಡಿಯೊಂದನ್ನು ಬಿಗಿದೆ. ಪೆಟ್ಟಿಗೆಯ ಸುತ್ತ ಕಂಬಳಿ ಸುತ್ತಿದೆ. ಹರವೆಯ ಹುಳುಮನೆಯ ಹಾಗೆ ಎಲ್ಲ ಮೂಲೆಗೂ ಒಂದೇ ಸಮ ಕಾವು ಇರಬೇಕೆಂದು ನೋಡಿಕೊಂಡೆ. ಬಗ್ಗಲು ಸೊಂಟ ಬಿಡದ್ದರಿಂದ ಕುರ್ಚಿಯಲ್ಲಿ ಕೂತರೆ ಕಣ್ಣಿಗೆ ನೇರ ಬೀಳುವಂತೆ ಗಾಜಿನ ಮೇಲಂಚಿಗೆ ಅಂಕಿ ತೋರುವ ಮೀಟರು ಅಂಟಿಸಿದೆ. ಮೂವತ್ತೆರಡು ತೋರಿಸಿತು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಇಡುತ್ತಿದ್ದೆ. ಬೆಳಿಗ್ಗೆ ಚಾಮರಾಜನಗರದ ಬಸ್ಸು ಹತ್ತುವ ಮೊದಲು ಮೂವತ್ತೆರಡು, ಸಂಜೆ ಬಂದ ಕೂಡಲೇ ಮೂವತ್ತೆರಡು. ಹತ್ತು ದಿನವಾದರೂ ಗುಂಡ ತಿನ್ನಲಿಲ್ಲ. ದಿನವಿಡೀ ಗಾಜಿನ ಗೋಡೆಗೆ ಮೈ ಒತ್ತಿ ಮೇಲೆ ಹತ್ತಲು ನೋಡುವನು, ಜಾರಿ ಬೀಳುವನು.

ಹೊಸ ವರ್ಷದ ಮೊದಲ ಭಾನುವಾರ ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂತು ಮೀಟರನ್ನೇ ದಿಟ್ಟಿಸುತ್ತಿದ್ದೆ. ಅವ್ವ ಬಂದು ಎಷ್ಟದ ಎಂದು ಕೇಳಿದಳು. ಮೂವತ್ತೆರಡು ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಕೋಲು ಬದಿಗಿಟ್ಟು, ಗೋಡೆ ಹಿಡಿದುಕೊಂಡು, ನೆಲದ ಮೇಲೆ ಕೂತಳು. ಮುಚ್ಚಳ ಸರಿಸು ಎಂದಳು. ಸರಿಸಿದೆ. ಹಾವಿನ ಪಕ್ಕದಲ್ಲೇ ಕೈ ಇಳಿಸಿ ಮುಂಗೈಯಿಂದ ಪೆಟ್ಟಿಗೆಯ ತಳವನ್ನು ಒಂದೊಂದು ಮೂಲೆಯಲ್ಲೂ ಮುಟ್ಟಿದಳು.

"ಮ್ಯಾಲೆ ಬೆಚ್ಚಗದ. ತಳ ನೋಡು, ಬಾವಿ ಕಲ್ಲಿದ್ದಂಗದ. ಅದು ಮನಗದು ಎಲ್ಲಿ, ನೀ ನೋಡದು ಎಲ್ಲಿ?"

ನಾನೂ ಕೈ ಹಾಕಿದೆ. ನಿಜ. ಪೆಟ್ಟಿಗೆ ಇದ್ದದ್ದು ರೆಡ್‌ಆಕ್ಸೈಡ್ ನೆಲದ ಮೇಲೆ, ಗೋಪಾಲಸ್ವಾಮಿ ಬೆಟ್ಟದಿಂದಿಳಿಯುವ ಜನವರಿ ಗಾಳಿ ಆ ನೆಲವನ್ನು ಐಸು ಮಾಡಿತ್ತು. ಬಿಸಿಗಾಳಿ ಮೇಲೇರುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದವಳು ನಾನು. ಆ ಬಾಣ ನಮ್ಮ ಮನೆಯವರೆಗೆ ಬಂದಿರಲಿಲ್ಲ. ಗುಂಡನ ಹೊಟ್ಟೆ ತಾಗುವ ಜಾಗ ಬಿಟ್ಟು ನನ್ನ ಕಣ್ಣು ತಾಗುವ ಜಾಗವನ್ನು ಬೆಚ್ಚಗೆ ಮಾಡಿಟ್ಟಿದ್ದೆ. ಅವ್ವ ಅಷ್ಟಕ್ಕೇ ಬಿಡಲಿಲ್ಲ. ಕಂಬಳಿಯನ್ನು ಒಂದು ಕಡೆಯಿಂದ ಎಳೆದು ತೆಗೆದಳು. "ಉಳ ಆಕಿದ್ ತಾವೇ ಇದ್ದದು. ಇದು ನಡೀತದಲ್ಲ ಮಗ. ಒಂದ್ ಮೂಲೆ ತಣ್ಗಿರ್ಲಿ ಬುಡು, ತನ್ಗೆ ಬೇಕಾದ್ ತಾವ್ಕೆ ಓಯ್ತದ." ಚೈತ್ರ ನವೆಂಬರಿನಲ್ಲಿ ಹೇಳಿದ್ದೂ ಅದನ್ನೇ. ನಾನು ಆಗ ನಕ್ಕಿದ್ದೆ.

ಪೆಟ್ಟಿಗೆ ನೆಲದಿಂದ ಮರದ ಬೆಂಚಿಗೆ ಏರಿತು. ಕೆಳಗೆ ಥರ್ಮೋಕೋಲು ಹಾಸಿದೆ. ಹಾವುಗಳಿಗೆಂದೇ ಮಾಡಿದ ತೆಳ್ಳನೆಯ ಬಿಸಿಹಾಳೆಯನ್ನು ಒಂದು ತುದಿಯ ಕೆಳಗೆ ಮಾತ್ರ ಅಂಟಿಸಿ, ಕಾವು ಹೆಚ್ಚಾದರೆ ಆರಿಸುವ ಪುಟ್ಟ ಯಂತ್ರವೊಂದನ್ನು ಅದಕ್ಕೆ ಜೋಡಿಸಿದೆ. ಅದರ ತಂತಿಯ ತುದಿಯನ್ನು ಮಡಕೆಯ ಕೆಳಗೆ, ಗುಂಡ ಮಲಗುವ ಜಾಗದಲ್ಲೇ ಇಟ್ಟೆ. ಪಿಂಗಾಣಿ ಬಲ್ಬು ಹೊರಬಂತು, ಜರಡಿ ಅಡುಗೆಮನೆಗೆ ವಾಪಸು ಹೋಗಲು ಅವ್ವ ಬಿಡಲಿಲ್ಲ. ಎರಡೇ ದಿನದಲ್ಲಿ ಗುಂಡ ಗಾಜು ಹತ್ತುವುದನ್ನು ನಿಲ್ಲಿಸಿದ. ಬೆಳಿಗ್ಗೆ ಬಿಸಿ ಕಡೆ, ಮಧ್ಯಾಹ್ನ ತಂಪು ಕಡೆ, ತನಗೆ ಬೇಕಾದಂತೆ ಸರಿದಾಡತೊಡಗಿದ.

ಆದರೂ ತಿನ್ನಲಿಲ್ಲ. ಸಂಕ್ರಾಂತಿಯ ಬೆಳಿಗ್ಗೆ ಚೈತ್ರ ಎಳ್ಳು ಬೀರುವ ಬದಲು ಹಾವು ಒಯ್ಯುವ ಬುಟ್ಟಿ ಹಿಡಿದು ಬಂದಳು. ಗುಂಡನ ಮೈ ಮಂಕಾಗಿತ್ತು, ಕಣ್ಣಿಗೆ ನೀಲಿ ಪೊರೆ ಬಂದಂತಿತ್ತು. ಸಾಯುತ್ತಿದ್ದಾನೆ ಎಂದೇ ನಾನು ಅವ್ವನನ್ನು ಕೂಗಿದೆ. ಅವ್ವ ಎಳ್ಳುಬೆಲ್ಲದ ತಟ್ಟೆ ಹಿಡಿದೇ ಬಂದು ಒಳಗೆ ಇಣುಕಿದಳು.

"ಜ್ವರಕ್ಕೆ ಕೂತದ ಕಣಮ್ಮಿ. ಈಗ ಹೆಂಗ್ ತಿಂದದು? ಮುಟ್ಬ್ಯಾಡಿ."

ಹುಳುಮನೆಯವರು ಮಾತ್ರ ಆಡುವ ಮಾತು ಅದು. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಆಗೆಲ್ಲ ಮೇವು ಬಿಟ್ಟು ತಲೆಯೆತ್ತಿ ಅಲುಗದೆ ಕೂರುತ್ತದೆ. ಅದನ್ನೇ ಜ್ವರಕ್ಕೆ ಕೂತಿದೆ ಎನ್ನುವುದು. ಅಂಥ ಹುಳುವಿಗೆ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಚೈತ್ರ ಬಗ್ಗಿ ನೋಡಿ, ಹೌದಲ್ಲ ಅಜ್ಜಿ, ಪೊರೆ ಬಿಡುವ ಮೊದಲು ಇವೂ ತಿನ್ನುವುದಿಲ್ಲ ಎಂದಳು. ಬುಟ್ಟಿಯನ್ನು ಕೆಳಗಿಟ್ಟಳು, ಆದರೆ ಬಿಟ್ಟುಕೊಡಲಿಲ್ಲ. ಇಂಥ ಹೊತ್ತಿನಲ್ಲಿ ಬಸ್ಸಿನಲ್ಲಿ ಕುಲುಕಿಸುವುದು ಸರಿಯಲ್ಲ, ಪೊರೆ ಬಿಡಲಿ, ಆಮೇಲೆ ಒಂದೇ ಸಲ ನೋಡುತ್ತೇನೆ ಎಂದಳು. ಅವಳು ಹೀಗೆ ಮಾತಿಗೆ ಕಟ್ಟುಬೀಳುವುದು ನನ್ನಿಂದಲೇ ಬಂದ ಗುಣ, ದೂರುವಂತಿಲ್ಲ.

ಹತ್ತು ದಿನ ನಾವು ಆ ಕೋಣೆಯಲ್ಲಿ ಪಿಸುಮಾತಿನಲ್ಲಿ ಓಡಾಡಿದೆವು. ನಮ್ಮ ಮನೆಯವರು ಟೀವಿಯ ಸದ್ದು ತಗ್ಗಿಸಿದರು. ಹನ್ನೊಂದನೆಯ ದಿನ ಸಂಜೆ ಶಾಲೆಯಿಂದ ಬಂದು ನೋಡಿದರೆ ಮಡಕೆಯ ಪಕ್ಕದಲ್ಲಿ ತಲೆಯಿಂದ ಬಾಲದ ತುದಿಯವರೆಗೆ ಎಲ್ಲೂ ಹರಿಯದ ಒಂದೇ ಉದ್ದನೆಯ ಪೊರೆ ಬಿದ್ದಿತ್ತು. ಗುಂಡ ಹೊಸ ಪಾತ್ರೆಯಂತೆ ಹೊಳೆಯುತ್ತಿದ್ದ. ಆ ಭಾನುವಾರ ಮಧ್ಯಾಹ್ನ ಚೈತ್ರ ಇಲಿಯನ್ನು ಬಿಸಿನೀರಿನಲ್ಲಿಟ್ಟು ಮಂಜು ಬಿಡಿಸಿ ಚಿಮಟದಲ್ಲಿ ಹಿಡಿದು ಮಡಕೆಯ ಮುಂದೆ ಆಡಿಸಿದಳು. ಬುಟ್ಟಿ ಬಾಗಿಲ ಬಳಿ ಸಿದ್ಧವಾಗಿತ್ತು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಟಪ್ ಎಂದು ಸದ್ದಾಯಿತು, ಹಿಂದೆಯೇ ಚೈತ್ರ ನನ್ನ ತೋಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದಳು. ತಿರುಗಿ ನೋಡಿದರೆ ಗುಂಡ ಇಲಿಯನ್ನು ಸುತ್ತಿ ಹಿಡಿದಿದ್ದ, ಹತ್ತು ನಿಮಿಷದಲ್ಲಿ ಬಾಲ ಮಾತ್ರ ಹೊರಗಿತ್ತು. ಒಂದು ಲಿಂಗಾಯತರ ಮನೆಯಲ್ಲಿ ಇಲಿ ಊಟವಾದದ್ದಕ್ಕೆ ಅಷ್ಟು ಸಂತೋಷ ಯಾವತ್ತೂ ಆಗಿರಲಾರದು. ಚೈತ್ರ ಬುಟ್ಟಿಯನ್ನು ತಾನೇ ಅಟ್ಟಕ್ಕೆ ಹಾಕಿ, ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಹೊರಟಳು.

ಅವಳು ಹೋದ ಮೇಲೆ ಅವ್ವ ಮತ್ತು ನಾನು ಪೆಟ್ಟಿಗೆಯ ಮುಂದೆ ಕೂತಿದ್ದೆವು. ನಲವತ್ತು ವರ್ಷ ಆಡದ ಮಾತನ್ನು ಆಗ ಆಡಿದೆ. ಅವ್ವ, ಹರವೆಯ ಆ ಬೆಳೆ ಹಾಳು ಮಾಡಿದ್ದು ನಾನು, ಕಡ್ಡಿಯನ್ನು ತಪ್ಪು ಓದಿದ್ದೆ ಎಂದೆ.

ಅವ್ವ ಪೆಟ್ಟಿಗೆಯಿಂದ ನನ್ನ ಕಡೆಗೆ ತಿರುಗಿದಳು.

"ನೀ ಏನ್ ಮಾಡಿದ್ದೀಯೆ? ಇದ್ದುದ್ದ ಇದ್ದಂಗೆ ಏಳ್ದೆ. ಕಡ್ಡಿ ತೂಗಾಕಿದ್ದು ನಿಮ್ಮಪ್ಪನ ಕಣ್ ನೇರಕ್ಕೆ. ಕೆಳಗಣ ತಟ್ಟೆ ತಣ್ಗಾಗಿದ್ದು ನನ್ ಕೈಗೆ ಗೊತ್ತಿತ್ತು ಕಣ ಮಗ. ಎಲ್ರ ಮುಂದ ಅಂದ್ರಲ್ಲ, ನಿನ್ ಕೈ ಏನ್ ಏಳದು ಅಂತ. ಆ ಸಿಟ್ಗೆ ಸುಮ್ಕಿದ್ಬುಟ್ಟೆ. ಅಷ್ಟೂ ಓಯ್ತದ ಅಂತ ಗೊತ್ತಿರ್ನಿಲ್ಲ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ನಲವತ್ತು ವರ್ಷ ನಾನು ಹೊತ್ತದ್ದು ಇನ್ನೊಬ್ಬರ ಹೊರೆ ಎಂದು ತಿಳಿದಾಗ ಮೊದಲು ಬರುವುದು ಸಮಾಧಾನವಲ್ಲ, ಸಿಟ್ಟು.

"ನೀ ಕೇಳ್ನಿಲ್ಲ. ನಿಮ್ಮಪ್ಪನೂ ಕೇಳ್ನಿಲ್ಲ," ಎಂದಳು ಅವ್ವ. ಅವಳ ಎರಡೂ ಕೈ ಮಡಿಲಲ್ಲಿದ್ದವು. ಮುಂಗೈಯ ಚರ್ಮ ಗುಂಡ ಬಿಟ್ಟ ಪೊರೆಯಷ್ಟು ತೆಳ್ಳಗಾಗಿತ್ತು. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು, ಇನ್ನು ಕೇಳುವವರೂ ಇಲ್ಲ. ನಾನು ಹೊತ್ತಷ್ಟೇ ವರ್ಷ ಅವಳೂ ಅದನ್ನು ಹೊತ್ತಿದ್ದಾಳೆ ಎಂಬುದು ಹೊಳೆದಾಗ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅವ್ವ ಪೆಟ್ಟಿಗೆಯ ಕಡೆ ಬಾಗಿ, "ಈಗ ಎಷ್ಟದ ನೋಡು," ಎಂದಳು.

ಮೀಟರು ಎದುರಿಗೇ ಇತ್ತು. ನಾನು ಅದನ್ನು ನೋಡಲಿಲ್ಲ. ಮುಚ್ಚಳ ಸರಿಸಿ, ಅವಳ ಕೈಯನ್ನು ಎತ್ತಿಕೊಂಡು, ಗುಂಡ ಮಲಗಿದ್ದ ಕಡೆ, ಪೆಟ್ಟಿಗೆಯ ತಳಕ್ಕೆ ಒತ್ತಿ ಹಿಡಿದೆ. ನೀನೇ ಹೇಳವ್ವ ಎಂದೆ.